ಲಿಫ್ಟ್ ಮಾಮನ ಮೇಲೆ ಒಂದು ಕಣ್ಣು

ಚಪ್ಪಲಿ ಕೋಣೆಯಲ್ಲಿ ಒಬ್ಬ ಗಂಡಸು ಕೂತಿದ್ದ.

ಕೂತಿದ್ದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು, ಅಂಗಳಕ್ಕೆಂದು ಇಲ್ಲೇ ಇಟ್ಟಿರುವ, ಅಂಗೈಯೊಳಗೆ ಅಡಗುವಂಥ ಬೂಟುಗಳ ಸಾಲಿಗೆ ಎದುರಾಗಿ. ಶಿಶುವಿಹಾರಕ್ಕೆ ಮಕ್ಕಳಿನ್ನೂ ಬಂದಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಚಿಕ್ಕಮ್ಮ ಬಾಗಿಲಲ್ಲೇ ನಿಂತಳು. ಕೈಯಲ್ಲಿದ್ದ ನೆಲ ಒರೆಸುವ ಕೋಲು ತಾನಾಗಿಯೇ ಸ್ವಲ್ಪ ಮೇಲಕ್ಕೆದ್ದಿತು.

"ಯಾರು ನೀವು?"

"ಟ್ರೈನಿಂಗಿಗೆ ಬಂದಿದ್ದೀನಿ."

"ಒಳಗೆ ಬಿಟ್ಟಿದ್ದು ಯಾರು?"

"ಯಾರೂ ಬಿಡ್ಲಿಲ್ಲ. ಗೇಟು ತೆಗೆದಿತ್ತು."

"ತೆಗೆದಿದ್ರೆ ನುಗ್ಗಿಬಿಡೋದಾ?"

ಅವನು ಒಂದು ಗಳಿಗೆ ಯೋಚಿಸಿದ. ಮಾತಿಗೆ ಮಾತು ಕೊಡಲು ಹೊಂಚುವವನ ಯೋಚನೆಯಲ್ಲ. ಎಲ್ಲೋ ಸ್ಕ್ರೂ ಸಡಿಲವಾಗಿದೆ ಎಂದು ಕಿವಿಗೊಟ್ಟು ಕೇಳುವವನ ಯೋಚನೆ. "ತಪ್ಪಾಯ್ತು," ಎಂದು ಎದ್ದ. ಅವನು ಎದ್ದಾಗ ಕೋಣೆ ಚಿಕ್ಕದಾಯಿತು. ಅವಳಿಗೆ ತಾಗದಂತೆ ಗೋಡೆಗೆ ಒರಸಿಕೊಂಡೇ ಹಾದುಹೋಗಿ, ಗೇಟಿನ ಆಚೆ ನಿಂತು, ಸರಳಿನ ನಡುವೆ ಕೈ ತೂರಿಸಿ ಚಿಲಕವನ್ನೂ ತಾನೇ ಹಾಕಿದ.

ದೊಡ್ಡಮ್ಮ ಸ್ಕೂಟರಿನಲ್ಲಿ ಬಂದು ನೋಡಿದಾಗ, ಒಳಗೆ ಕೋಲು ಹಿಡಿದ ಚಿಕ್ಕಮ್ಮ, ಹೊರಗೆ ಕೈಕಟ್ಟಿ ನಿಂತ ಗಂಡಸು, ನಡುವೆ ಗೇಟು. "ಪರಿಚಯ ಆಗಿದೆ ಅಂತಾಯ್ತು," ಎಂದರು ಅವರು. ಶಿಶುವಿಹಾರ ನಡೆಸುವವರು ದೊಡ್ಡಮ್ಮ. ಅವನು ಇಲ್ಲಿ ಕೆಲಸ ಕಲಿಯಲು ಬಂದಿರುವುದು ನಿಜ, ಕಳಿಸಿದ್ದು ತರಬೇತಿ ಕೇಂದ್ರ, ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಚಿಕ್ಕಮ್ಮ ಚಿಲಕ ತೆಗೆದಳು.

"ಒಳಗೆ ಬಿಟ್ಕೊಂಡಿದ್ರೆ ನಂಗೇ ಭಯ ಆಗ್ತಿತ್ತು," ಎಂದ ಅವನು, ಒಳಗೆ ಬರುತ್ತ. "ಯಾರು ಬಂದ್ರೂ ಬಿಡೋ ಜಾಗದಲ್ಲಿ ಮಕ್ಕಳನ್ನ ಹೇಗೆ ಬಿಟ್ಟು ಹೋಗ್ತಾರೆ ಅಂತ."

ಒಳ್ಳೆಯ ಉತ್ತರ. ಬೆಳಗಿನ ಹೊತ್ತು ಇಷ್ಟು ಒಳ್ಳೆಯ ಉತ್ತರ ಕೊಡುವವರು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ ಎಂಬುದು ಚಿಕ್ಕಮ್ಮನ ಅನುಭವ. ಅವಳು ಅವನಿಗೆ ಮನಸ್ಸಿನಲ್ಲೇ ಒಂದು ಅಂಕ ಕಳೆದಳು.

*

ಅನುಮಾನ ಅವಳ ಸ್ವಭಾವವೋ ಕಸುಬೋ ಎಂದು ಹೆತ್ತ ತಾಯಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಶಿಶುವಿಹಾರದ ಬೇರೆ ಕೋಣೆಗಳಲ್ಲೂ ಚಿಕ್ಕಮ್ಮಂದಿರಿದ್ದರು. ಆದರೆ ಸುಮ್ಮನೆ ಚಿಕ್ಕಮ್ಮ ಎಂದರೆ ಇವಳೇ, ಅತಿ ಚಿಕ್ಕ ಮಕ್ಕಳ ಕೋಣೆಯವಳು. ಆ ಕೋಣೆಯಲ್ಲಿ ಗದ್ದಲವಿದ್ದರೆ ಚಿಂತೆಯಿಲ್ಲ, ಗದ್ದಲ ನಿಂತರೆ ಓಡಬೇಕು. ಮಗು ತನ್ನಷ್ಟಕ್ಕೆ ನಗುತ್ತಿದ್ದರೆ ಬಾಯಲ್ಲಿ ಏನಿದೆ ಎಂದು ನೋಡಬೇಕು. ಸೋದರಮಾವ ಎಂದು ಹೇಳಿಕೊಂಡು ಬಂದವನ ಕೊರಳಿಗೆ ಮಗು ಜೋತುಬಿದ್ದರೂ ಅವನ ಗುರುತಿನ ಚೀಟಿ ಕೇಳಬೇಕು. ಹೊಸಬರಿಗೆಲ್ಲ ದೊಡ್ಡಮ್ಮ ಹೇಳುತ್ತಿದ್ದುದು ಇಷ್ಟೆ: "ಮಕ್ಕಳಂದ್ರೆ ಪ್ರೀತಿ ಅಂತ ಬಂದಿದ್ರೆ ಸಂತೋಷ. ಅದನ್ನ ಚಪ್ಪಲಿ ಜೊತೆ ಹೊರಗಿಟ್ಟು ಬನ್ನಿ. ಒಳಗೆ ಕಣ್ಣು ತನ್ನಿ ಸಾಕು."

ತೊಂದರೆಯೆಂದರೆ, ಆ ಕಣ್ಣನ್ನು ಅವಳು ಮನೆಗೂ ಕೊಂಡೊಯ್ಯುತ್ತಿದ್ದಳು. ನೋಡಲು ಬಂದ ಗಂಡುಗಳಲ್ಲಿ ಒಬ್ಬ ತನಗೆ ಮಕ್ಕಳೆಂದರೆ ಪ್ರಾಣ ಎಂದ. "ಎಷ್ಟು ವಯಸ್ಸಿನವು?" ಎಂದು ಕೇಳಿದಳು. ಅವನು ತನ್ನ ತಾಯಿಯ ಮುಖ ನೋಡಿದ. ಇನ್ನೊಬ್ಬ ಕಾಫಿ ತಂದ ಹುಡುಗನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮತ್ತೊಬ್ಬ ಎರಡೆರಡು ಸಲ ಹೇಳಿದ. ಮೂವರೂ ಬೇಡವಾದರು.

"ನಿಂಗೆ ಗಂಡ ಬೇಡ ಕಣೆ," ಎನ್ನುತ್ತಿದ್ದಳು ತಂಗಿ, "ಆರೋಪಿ ಬೇಕು."

ಈಗ ಹೊಸಬನನ್ನು ಮಕ್ಕಳು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಎದ್ದಿತು. ಇಲ್ಲಿ ಗಂಡಸು ಕೆಲಸಕ್ಕೆ ಬಂದದ್ದೇ ಇಲ್ಲ. ಹೆಂಗಸರೆಲ್ಲ ಚಿಕ್ಕಮ್ಮ ಆದ ಮೇಲೆ ಇವರು ಚಿಕ್ಕಪ್ಪ ತಾನೆ ಎಂದು ಅಡುಗೆಮನೆಯವಳು ಸೀದಾ ಹೇಳಿಬಿಟ್ಟಳು. ಚಿಕ್ಕಮ್ಮನ ಕಿವಿ ಬಿಸಿಯಾಯಿತು.

"ಮಾಮ ಅನ್ಲಿ," ಎಂದಳು. "ಮಾಮ ಸಾಕು."

"ಮಾಮ ಅಂದ್ರೆ ನಿಮಗೆ ಅಣ್ಣ ಆಗ್ಬೇಕಾಗುತ್ತೆ," ಎಂದ ಅವನು, ಬಹಳ ಗಂಭೀರವಾಗಿ.

"ಆಗಿ."

ಅವನು ತಲೆಯಾಡಿಸಿದ. ಆದರೆ ಆ ಹುದ್ದೆಗೆ ಅರ್ಜಿ ಹಾಕಿದವನಂತೆ ಕಾಣಲಿಲ್ಲ.

*

ಹಿಂದೆ ಅವನು ಲಿಫ್ಟ್ ಮೆಕ್ಯಾನಿಕ್ ಆಗಿದ್ದನಂತೆ. ಅದನ್ನು ಬಿಟ್ಟು ಇಲ್ಲಿಗೇಕೆ ಬಂದ ಎಂದು ಅವಳು ಮೊದಲ ವಾರವೇ ಕೇಳಿದಳು. ಒಮ್ಮೆ ಒಂದು ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ಎರಡು ಅಂತಸ್ತುಗಳ ನಡುವೆ ನಿಂತಿತ್ತು, ಒಳಗೆ ಒಬ್ಬರು ಟೀಚರಮ್ಮ, ಪುಟ್ಟ ಮಕ್ಕಳ ಒಂದು ಗುಂಪು. ಬಾಗಿಲಾಚೆ ನಿಂತು ಕೆಲಸ ಮಾಡುತ್ತ ಅವರ ಜೊತೆ ಮಾತಾಡುತ್ತಿರಬೇಕಿತ್ತು. ಆನೆ ಲಿಫ್ಟ್ ಹತ್ತಿದರೆ ಏನಾಗುತ್ತದೆ ಎಂಬ ವಿಚಾರ ಬಂತು. ಅದು ಮುಗಿಯುವ ಮೊದಲೇ ಲಿಫ್ಟ್ ಸರಿಹೋಯಿತು.

"ಬಾಗಿಲು ತೆಗೆದ್ರೆ ಒಬ್ರೂ ಹೊರಗೆ ಬರ್ಲಿಲ್ಲ. ಆನೆ ಇನ್ನೂ ಇಳಿದಿಲ್ಲ ಅಂದ್ರು. ನಾನೂ ಒಳಗೆ ಹೋಗಿ ಕೂತೆ."

ಚಿಕ್ಕಮ್ಮನಿಗೆ ನಗು ಬಂತು. ನಗು ಬಂದದ್ದರಿಂದಲೇ ಅನುಮಾನ ಹೆಚ್ಚಾಯಿತು. ಇಂಥ ಕಾಗಕ್ಕ ಗುಬ್ಬಕ್ಕನ ಕಥೆ ಯಾರು ಬೇಕಾದರೂ ಕಟ್ಟಬಹುದು. ಅವಳ ಮನೆಯಿದ್ದ ಕಟ್ಟಡದ ಲಿಫ್ಟ್ ಕೆಲವು ದಿನಗಳಿಂದ ಹಲ್ಲು ಕಡಿಯುವಂತೆ ಸದ್ದು ಮಾಡುತ್ತಿತ್ತು. "ಒಂದ್ಸಲ ಬಂದು ನೋಡ್ತೀರಾ?" ಎಂದಳು, ಆದಷ್ಟು ಮುಗ್ಧವಾಗಿ.

"ಪರೀಕ್ಷೆನಾ?" ಎಂದ ಅವನು.

"ಉಪಕಾರ."

"ಹಾಗಾದ್ರೆ ಸ್ಪ್ಯಾನರ್ ತರ್ತೀನಿ. ಪರೀಕ್ಷೆ ಆಗಿದ್ರೆ ಶರ್ಟ್ ಇಸ್ತ್ರಿ ಮಾಡ್ಬೇಕಿತ್ತು."

ಭಾನುವಾರ ಬಂದ. ಸ್ಪ್ಯಾನರ್ ತಂದಿದ್ದ. ಶರ್ಟಿಗೂ ಇಸ್ತ್ರಿಯಾಗಿತ್ತು. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ಕೇಳಿ, ಮೇಲೆ ಹತ್ತಿ, ಏನನ್ನೋ ಬಿಗಿದು, ಗ್ರೀಸು ಮೆತ್ತಿದ ಕೈಗಳನ್ನು ದೂರ ಹಿಡಿದುಕೊಂಡು ಇಳಿದು ಬಂದ. ಅಮ್ಮ ಅವನ ಕೈಗೆ ತಾವೇ ನೀರು ಹಾಕಿದರು, ಕೂರಿಸಿ ಊಟ ಬಡಿಸಿದರು, ಬೇಡ ಬೇಡ ಎಂದರೂ ಮತ್ತೆ ಬಡಿಸಿದರು. ಅವನು ಹೋದ ಮೇಲೆ ಸದ್ದಿಲ್ಲದ ಲಿಫ್ಟಿನಲ್ಲಿ ಸುಮ್ಮನೆ ಒಮ್ಮೆ ಕೆಳಗೆ ಹೋಗಿ ಮೇಲೆ ಬಂದರು.

"ಕೆಲಸ ಗೊತ್ತಿರೋನು," ಎಂದರು.

"ಆ ಕೆಲಸ ಬಿಟ್ಟು ಬಂದಿದ್ದಾನಲ್ಲ, ಅದೇ ಯಾಕೆ ಅಂತ."

"ನಿಂಗೇನೇ ಕಷ್ಟ? ಅವನು ಕಳ್ಳ ಆಗಿದ್ರೂ ನಮ್ಮ ಲಿಫ್ಟ್ ಅಂತೂ ಸರಿ ಹೋಯ್ತು."

*

ಕೆಲಸದಲ್ಲಿ ಮಾತ್ರ ಅವನು ಆರಂಭದಲ್ಲಿ ಶುದ್ಧ ಪೆದ್ದ. ಒಂದು ಮಗು ಅಮ್ಮ ಯಾವಾಗ ಬರ್ತಾಳೆ ಎಂದು ಕೇಳಿದ್ದಕ್ಕೆ, ನಂಗೆ ಗೊತ್ತಿಲ್ಲ ಕಂದ ಎಂದು ಸತ್ಯ ನುಡಿದುಬಿಟ್ಟ. ಆ ಮಗು ಅತ್ತಿತು, ಅದನ್ನು ನೋಡಿ ಪಕ್ಕದ್ದು, ಬೆಂಕಿ ಹತ್ತಿದಂತೆ ಇಡೀ ಕೋಣೆ.

"ಸುಳ್ಳು ಹೇಳ್ಬೇಕಿತ್ತಾ?" ಎಂದು ಕೇಳಿದ, ಎರಡೂ ತೊಡೆಯ ಮೇಲೆ ಎರಡು ಅಳು ಇಟ್ಟುಕೊಂಡು.

"ಯಾರು ಹೇಳಿದ್ದು ಸುಳ್ಳು ಹೇಳಿ ಅಂತ? ಅವರ ಗಡಿಯಾರದಲ್ಲಿ ಹೇಳಿ. ಹಾಲು ಕುಡಿದು, ನಿದ್ದೆ ಮಾಡಿ, ಎದ್ದು, ಜಾರುಬಂಡೆ ಆಡಿದ ಮೇಲೆ ಅಮ್ಮ."

ಅವನು ಕಲಿತ. ಮುಟ್ಟುವ ಮೊದಲು ಹೇಳುವುದನ್ನು ಕಲಿತ: ಈಗ ನಿನ್ನ ಮೂಗು ಒರೆಸ್ತೀನಿ, ಈಗ ಎತ್ಕೋತೀನಿ. ಎತ್ತುವಾಗ ಕೈ ಹಿಡಿದು ಎಳೆಯದೆ ಕಂಕುಳ ಕೆಳಗೆ ಎರಡೂ ಕೈ ಕೊಟ್ಟು ಎತ್ತುವುದನ್ನು ಕಲಿತ. ಜಾಣೆ, ಬಂಗಾರ ಎಂದು ಬಾಯಿಗೆ ಬಂದ ಹೊಗಳಿಕೆ ಸುರಿಯದೆ, ನೀನೇ ಗುಂಡಿ ಹಾಕ್ಕೊಂಡೆ ಎಂದು ಕಂಡದ್ದನ್ನು ಹೇಳುವುದನ್ನು ಕಲಿತ. ಹಾಡುವುದನ್ನು ಮಾತ್ರ ಕಲಿಯಲಿಲ್ಲ. ಅವನ ಜೋಗುಳಕ್ಕೆ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು.

ಬುಗುರಿ ಅವನ ಬಳಿ ಹೋದದ್ದು ಹೇಗೆ ಎಂದು ಚಿಕ್ಕಮ್ಮನಿಗೆ ತಿಳಿಯಲಿಲ್ಲ. ಒಂದು ಕಡೆ ನಿಲ್ಲದ, ಯಾರ ಕೈಗೂ ಸಿಗದ ಎರಡು ವರ್ಷದ ಹುಡುಗಿ ಅದು. ಅದಕ್ಕೇ ಆ ಹೆಸರು. ಒಂದು ಮಧ್ಯಾಹ್ನ ಅವನು ನೆಲದ ಮೇಲೆ ಕೂತು ಅಂಗೈಯನ್ನು ಮೇಲ್ಮುಖವಾಗಿ ಚಾಪೆಯ ಮೇಲೆ ಇಟ್ಟು, ಎತ್ತಲೋ ನೋಡುತ್ತಿದ್ದ. ಬುಗುರಿ ಬಂದು ಆ ಅಂಗೈಯ ಮೇಲೆ ಒಂದು ಮರದ ತುಂಡು ಇಟ್ಟಳು. ತೆಗೆದಳು. ಕೊನೆಗೆ ತನ್ನ ಪಾದವನ್ನೇ ಇಟ್ಟು ನಿಂತಳು.

"ಚಿಕ್ಕಪ್ಪ," ಎಂದಳು ಬುಗುರಿ, ಯಾರ ಅಪ್ಪಣೆಯನ್ನೂ ಕೇಳದೆ.

"ಲಿಫ್ಟ್ ಮಾಮ," ಎಂದು ತಿದ್ದಿದಳು ಚಿಕ್ಕಮ್ಮ, ಕೋಣೆಯ ಆ ತುದಿಯಿಂದ.

"ಚಿಕ್ಕಪ್ಪ," ಎಂದಳು ಬುಗುರಿ.

ಒಂದು ಮಗು ಸುಲಭವಾಗಿ ಒಲಿದರೆ ಒಲಿಸಿಕೊಂಡವನ ಮೇಲೆ ಕಣ್ಣಿಡಬೇಕು. ಚಿಕ್ಕಮ್ಮ ಇಟ್ಟಳು. ಬೇಕಾದ್ದಕ್ಕಿಂತ ತುಸು ಹೆಚ್ಚಾಗಿಯೇ ಇಟ್ಟಳು ಎಂದು ಅಡುಗೆಮನೆಯವಳ ಅಭಿಪ್ರಾಯ.

ಆ ಕೋಣೆಯಲ್ಲಿ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವಂತಿಲ್ಲ. ಕಣ್ಣು ಮಕ್ಕಳ ಮೇಲಿರಬೇಕು. ಹಾಗಾಗಿ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಸಿನಿಮಾ ನೋಡುವವರಂತೆ ಪಕ್ಕಪಕ್ಕ ಕೂತು, ಎದುರಿಗೆ ನೋಡುತ್ತಲೇ ಮಾತಾಡುತ್ತಿದ್ದರು. ವಾರಗಳು ಕಳೆದರೂ ಅವನ ಮುಖ ಅವಳಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಎಡಗಿವಿ ಚೆನ್ನಾಗಿ ಗೊತ್ತಿತ್ತು. ನಗುವ ಮೊದಲು ಅದು ಒಂದು ಎಳೆಯಷ್ಟು ಹಿಂದೆ ಸರಿಯುತ್ತಿತ್ತು. ಅವಳು ಏನಾದರೂ ಚುಚ್ಚಿ ಹೇಳಿ, ಕಿವಿ ಸರಿಯಿತೇ ಎಂದು ಓರೆಗಣ್ಣಿನಲ್ಲಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು. ಇದನ್ನು ಅವಳು ಪರಿಶೀಲನೆ ಎಂದು ಕರೆದಳು.

ಮಕ್ಕಳು ಮಲಗಿದ ಹೊತ್ತಿನಲ್ಲಿ ಒಂದು ದಿನ ಅವನು ಅವಳ ಚಹಾಕ್ಕೆ ಮೇಲೊಂದು ತಟ್ಟೆ ಮುಚ್ಚಿ ತಂದಿಟ್ಟ. ಅವಳ ಚಹಾ ದಿನಾ ಆರುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ, ಅವಳೂ ಸೇರಿದಂತೆ.

"ನಿಮ್ಮ ಟ್ರೈನಿಂಗ್ ಮುಗಿದಾಗ ಪಾಸು ಫೇಲು ಹೇಳೋದು ನಾನು," ಎಂದಳು ಅವಳು, ಮಲಗಿದ ಸಾಲನ್ನು ನೋಡುತ್ತ.

"ಗೊತ್ತು."

"ಈ ತಟ್ಟೆ ಅದಕ್ಕಾ?"

"ಸ್ವಲ್ಪ ಅದಕ್ಕೂ ಇರ್ಬಹುದು," ಎಂದ ಅವನು. "ಪೂರ್ತಿ ಅದಕ್ಕಲ್ಲ."

ಅವಳು ಕಿವಿಯತ್ತ ನೋಡಿದಳು. ಅದು ಅಲುಗಲಿಲ್ಲ, ಕೆಂಪಾಗಿತ್ತು. ಚಹಾ ಬಿಸಿಯಾಗಿತ್ತು. ಅವಳಿಗೆ ಇದೊಂದೂ ಹಿಡಿಸಲಿಲ್ಲ, ಅಂದರೆ ಬಹಳ ಹಿಡಿಸಿತು.

*

ಬೆಂಕಿ ಬಿದ್ದರೆ ಹೊರಗೆ ಓಡುವುದನ್ನು ಅಭ್ಯಾಸ ಮಾಡಿಸುವ ಅಣಕು ಗಂಟೆ ಯಾವಾಗ ಹೊಡೆಯುತ್ತದೆಂದು ದೊಡ್ಡಮ್ಮ ಯಾರಿಗೂ ಹೇಳುತ್ತಿರಲಿಲ್ಲ. ಹೊಡೆದ ಕೂಡಲೇ ಪ್ರತಿ ಕೋಣೆಯೂ ಅಂಗಳಕ್ಕೆ ಬಂದು ನಿಲ್ಲಬೇಕು. ಅತಿ ಚಿಕ್ಕ ಮಕ್ಕಳಿದ್ದರೂ ಯಾವಾಗಲೂ ಮೊದಲು ಬರುವುದು ಚಿಕ್ಕಮ್ಮನ ಕೋಣೆ. ಇದರ ಬಗ್ಗೆ ಅವಳು ಎಂದೂ ಬಾಯಿಬಿಟ್ಟು ಜಂಬ ಕೊಚ್ಚಿಕೊಂಡಿರಲಿಲ್ಲ. ಉಳಿದ ಕೋಣೆಯವರು ಬರುವಾಗ ಕೈಕಟ್ಟಿ ನಿಂತಿರುತ್ತಿದ್ದಳು, ಅಷ್ಟೆ.

ಆ ದಿನ ಗಂಟೆ ಹೊಡೆದಾಗ ಅವನು ಗಂಟುಗಂಟಿನ ಹಗ್ಗ ಹಿಡಿಸಿ ಮಕ್ಕಳನ್ನು ಬಾಗಿಲಿಗೆ ಸಾಲು ಮಾಡಿದ. ಬುಗುರಿ ಒಬ್ಬಳೇ ಬೆಂಚಿನ ಮೇಲೆ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ.

"ನಾನೇ," ಎಂದಳು ಬುಗುರಿ.

"ಬೇಗ ಕಂದ."

"ನಾನೇ ಹಾಕೋದು."

ಹೊರಗೆ ಪಕ್ಕದ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಚಿಕ್ಕಮ್ಮ ಬಾಗಿದಳು, ಬುಗುರಿಯ ಮಣಿಕಟ್ಟು ಹಿಡಿದಳು, ಮೇಲಕ್ಕೆ ಎಳೆದಳು.

ಬುಗುರಿಯ ಬಾಯಿ ತೆರೆಯಿತು. ಅಳು ಸ್ವಲ್ಪ ತಡವಾಗಿ ಬಂತು. ಎಡಗೈ ಮೈಪಕ್ಕ ಜೋತು ಬಿದ್ದಿತ್ತು, ತನ್ನದಲ್ಲದ ಕೈಯಂತೆ. ಏನಾಗಿದೆ ಎಂದು ಚಿಕ್ಕಮ್ಮನಿಗೆ ಆ ಕ್ಷಣವೇ ಗೊತ್ತಾಯಿತು. ಹೊಸಬರಿಗೆಲ್ಲ ಅವಳೇ ಎಚ್ಚರಿಸುವ ವಿಷಯ. ಎಳೆ ಮಕ್ಕಳ ಮೊಣಕೈ ಎಳೆದರೆ ಜಾರುತ್ತದೆ.

ಅಂಗಳದಲ್ಲಿ ದೊಡ್ಡಮ್ಮ ಓಡಿ ಬಂದರು. "ಏನಾಯ್ತು?"

"ಬೆಂಚಿಂದ ಬೀಳ್ತಿದ್ಲು," ಎಂಬ ಮಾತು ಚಿಕ್ಕಮ್ಮನ ಬಾಯಿಂದ ಬಂತು. "ಹಿಡ್ಕೊಂಡೆ."

ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಅಷ್ಟು ಸಲೀಸಾಗಿ, ಅಷ್ಟು ನಿಜದ ಹಾಗೆ. ಹಗ್ಗ ಹಿಡಿದು ನಿಂತ ಅವನು ಅವಳತ್ತ ತಿರುಗಿದ. ಅವಳು ತಿರುಗಲಿಲ್ಲ. ಕೋಣೆಯಲ್ಲಿ ಇದ್ದ ದೊಡ್ಡವರು ಇಬ್ಬರೇ.

ಮಕ್ಕಳನ್ನು ಪಕ್ಕದ ಕೋಣೆಯವರಿಗೆ ಒಪ್ಪಿಸಿ ಮೂವರೂ ಹಿಂದಿನ ಬೀದಿಯ ಡಾಕ್ಟರ ಬಳಿ ಓಡಿದರು. ತಾಯಿಗೆ ದಾರಿಯಲ್ಲೇ ಫೋನಾಯಿತು. ಬುಗುರಿ ಅವನ ಹೆಗಲ ಮೇಲೆ ಬಿಕ್ಕುತ್ತಿದ್ದಳು. ನಡೆಯುತ್ತ ಚಿಕ್ಕಮ್ಮ ಲೆಕ್ಕ ಹಾಕಿದಳು. ಇವನು ಬಾಯಿ ಬಿಡುವುದಿಲ್ಲ. ಪಾಸಾಗಬೇಕಲ್ಲ. ಆಮೇಲೆ ಜೀವಮಾನವಿಡೀ ಇದೊಂದು ಗಂಟು ಇವನ ಕೈಯಲ್ಲಿರುತ್ತದೆ, ಬೇಕಾದಾಗ ಜಗ್ಗಬಹುದು.

ಡಾಕ್ಟರು ಕೈಯನ್ನು ಮುಟ್ಟದೆ ನೋಡಿದರು. "ಬಿದ್ದಿದ್ದಾ, ಎಳೆದಿದ್ದಾ?"

ಚಿಕ್ಕಮ್ಮ ಉಸಿರು ತೆಗೆದುಕೊಂಡಳು, ಮಾತಾಡಲು.

"ಎಳೆದಿದ್ದು," ಎಂದ ಅವನು. "ಬೀಳ್ತಿರ್ಲಿಲ್ಲ, ಕೂತಿದ್ಲು. ಬೇಗ ಹೊರಡಿಸೋಕೆ ಇವರು ಮಣಿಕಟ್ಟು ಹಿಡಿದು ಎತ್ತಿದರು. ನಾನು ನೋಡ್ತಿದ್ದೆ."

ಡಾಕ್ಟರು ಬುಗುರಿಯ ಮೊಣಕೈಗೆ ಹೆಬ್ಬೆರಳು ಕೊಟ್ಟು, ಅಂಗೈಯನ್ನು ತಿರುಗಿಸಿ, ಮಡಿಸಿದರು. ಚಿಟಿಕೆಯಂಥ ಒಂದು ಸದ್ದು. ಬುಗುರಿ ಕಿರುಚಿದಳು, ನಿಲ್ಲಿಸಿದಳು, ಸ್ವಲ್ಪ ಹೊತ್ತಿನ ಮೇಲೆ ಅದೇ ಕೈ ಚಾಚಿ ಡಾಕ್ಟರ ಜೇಬಿನ ಪೆನ್ನು ಕಿತ್ತುಕೊಂಡಳು.

"ಬಿದ್ದಿದ್ದು ಅಂದಿದ್ರೆ ಎಕ್ಸ್‌ರೇಗೆ ಕಳಿಸ್ತಿದ್ದೆ," ಎಂದರು ಡಾಕ್ಟರು. "ಅಷ್ಟು ಹೊತ್ತೂ ಮಗು ನೋವು ತಿನ್ಬೇಕಿತ್ತು."

ಚಿಕ್ಕಮ್ಮ ಅವನ ಮುಖವನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು. ಅದರಲ್ಲಿ ಗೆಲುವು ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಿತ್ತು.

*

ಶಿಶುವಿಹಾರದ ಆಡಳಿತ ಸಮಿತಿ ವಿಚಾರಣೆ ಮುಗಿಸುವವರೆಗೆ ಅವಳಿಗೆ ಮಕ್ಕಳ ಕೋಣೆಯಿಲ್ಲ ಎಂದಾಯಿತು. ಹೊದಿಕೆಗಳ ಉಗ್ರಾಣದಲ್ಲಿ ಬಟ್ಟೆ ಮಡಿಸುವ ಕೆಲಸ. ಕೆಲಸವೇ ಹೋಗುತ್ತದೋ ಉಳಿಯುತ್ತದೋ ದೊಡ್ಡಮ್ಮನೂ ಹೇಳಲಾರರು. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕೂ ಇರಲಿಲ್ಲ.

"ಅವನಿಗೆ ನನ್ನ ಜಾಗ ಬೇಕಿತ್ತು," ಎಂದಳು ಮನೆಯಲ್ಲಿ. "ನೋಡು, ಮೊದಲ ದಿನದಿಂದ್ಲೂ. ಅಂಗೈ ಹಾಸಿ ಕೂತದ್ದು, ಚಹಾಕ್ಕೆ ತಟ್ಟೆ ಮುಚ್ಚಿದ್ದು. ಎಲ್ಲಾ ಕೂಡಿಬರುತ್ತೆ."

ತಂಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. "ಅವನು ಸುಳ್ಳು ಹೇಳಿದ್ನಾ?"

"ಇಲ್ಲ."

"ನೀನು?"

ಚಿಕ್ಕಮ್ಮ ಕೈಗೆ ಸಿಕ್ಕ ಟವೆಲನ್ನು ಮಡಿಸತೊಡಗಿದಳು.

"ಅಂತೂ ಒಬ್ಬ ಆರೋಪಿ ಸಿಕ್ಕಿದ," ಎಂದಳು ತಂಗಿ, ಮೆತ್ತಗೆ. "ಮನೆಯೊಳಗೇ."

ಅಮ್ಮ ಚಿಕ್ಕಮ್ಮನ ಚಹಾದ ಲೋಟ ಆರುತ್ತಿರುವುದನ್ನು ನೋಡಿ ಎತ್ತಿಕೊಂಡು ಹೋಗಿ ಬಿಸಿ ಮಾಡಿ ತಂದರು.

ಮರುದಿನ ಅವನು ಉಗ್ರಾಣದ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಅವಳು ಪುಟ್ಟ ಹೊದಿಕೆಯೊಂದರ ಅಂಚಿಗೆ ಅಂಚು ಕೂಡಿಸಿದಳು.

"ನನ್ನ ಜಾಗ ಬೇಕಿತ್ತಾ ನಿಮಗೆ?"

"ನಿಮ್ಮ ಪಕ್ಕದ ಜಾಗ ಬೇಕಿತ್ತು."

"ಇದನ್ನ ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡು ಬಂದ್ರಾ?"

"ಮಾಡಿದ್ದೆ. ಅದು ಬೇರೆ ಇತ್ತು, ಉದ್ದಕ್ಕಿತ್ತು. ಮರೆತುಹೋಯ್ತು."

ಅವಳು ಹೊದಿಕೆಯನ್ನು ಬಿಡಿಸಿ ಮತ್ತೆ ಮಡಿಸಿದಳು. ಅವನು ಹೇಳಿದ, "ರಿಪೇರಿಗೆ ಲಿಫ್ಟ್ ಕೆಳಗಿನ ಗುಂಡಿಗೆ ಯಾವಾಗ್ಲೂ ಇಬ್ಬರು ಇಳೀತೀವಿ. ಒಬ್ಬ ಮಾಡಿದ ತಪ್ಪನ್ನ ಇನ್ನೊಬ್ಬ ಮುಚ್ಚಿಟ್ರೆ, ಏನೂ ಗೊತ್ತಿಲ್ದೆ ಲಿಫ್ಟ್ ಹತ್ತಿದ ಮೂರನೆಯವನು ಬೀಳ್ತಾನೆ. ಸ್ನೇಹಿತನೇ ಆಗಿರ್ಲಿ, ಹೇಳ್ಬಿಡೋದು. ನಂಗೆ ಬೇರೆ ಥರ ಗೊತ್ತಿಲ್ಲ."

"ನಾನು ನಿಮ್ಮನ್ನ ಫೇಲ್ ಮಾಡ್ಬಹುದಿತ್ತು."

"ಮಾಡ್ತೀರಿ ಅಂತಾನೇ ಅಂದ್ಕೊಂಡಿದ್ದೆ," ಎಂದು ಅವನು ಹೋದ. ಜಾರುಬಂಡೆಯ ಹೊತ್ತಾಗಿತ್ತು.

ಅವಳು ಹೊದಿಕೆಗಳ ನಡುವೆ ಕೂತು, ಬೇರೊಂದು ದಿನವನ್ನು ಕಲ್ಪಿಸಿಕೊಂಡಳು. ಅವನು ಡಾಕ್ಟರ ಮುಂದೆ ಸುಮ್ಮನಿದ್ದ ದಿನ. ಅವಳು ಅವನಿಗೆ ಒಂದು ವಾರ ಋಣಿಯಾಗಿರುತ್ತಿದ್ದಳು. ಎರಡನೆಯ ವಾರ, ಮಗುವೊಂದರ ಮೊಣಕಾಲು ತರಚಿದ್ದನ್ನು ಕಂಡು, ಇದು ಹೇಗಾಯಿತು ಎಂದು ಅವನನ್ನು ಕೇಳಿ, ಅವನ ಉತ್ತರವನ್ನು ನಂಬುತ್ತಿರಲಿಲ್ಲ. ಒಬ್ಬಳಿಗಾಗಿ ಬಾಯಿ ಮುಚ್ಚಿಕೊಂಡವನು ಇನ್ನೊಬ್ಬರಿಗಾಗಿಯೂ ಮುಚ್ಚಿಕೊಂಡಾನು. ಅವನ ಒಂದು ಮಾತನ್ನೂ, ಮುಂದೆಂದಾದರೂ ಹೇಳಬಹುದಾದ ಸಿಹಿ ಮಾತನ್ನೂ, ಅವಳು ಮಗುಚಿ ಮಗುಚಿ ನೋಡುತ್ತಲೇ ಇರುತ್ತಿದ್ದಳು. ಈಗ ನೋಡಬೇಕಾದ ಅಗತ್ಯವಿರಲಿಲ್ಲ. ಪಕ್ಕದ ಜಾಗ ಬೇಕು ಎಂದನಲ್ಲ, ಹಾಗಾದರೆ ಬೇಕು ಎಂದೇ ಅರ್ಥ.

ಇದು ಹೊಳೆದಾಗ ಅವಳು ಹೊದಿಕೆಗಳ ನಡುವಿನಿಂದ ಎದ್ದು ನಿಂತಳು. ಯಾರನ್ನಾದರೂ ನಂಬಿ ಅವಳಿಗೆ ರೂಢಿಯಿರಲಿಲ್ಲ.

*

ಬುಗುರಿಯ ತಾಯಿ ಕೋರ್ಟಿನಲ್ಲಿ ಸ್ಟೆನೋ. ಸಮಿತಿಯ ಮುಂದೆ ಬಂದು ಕೂತರು. ಚಿಕ್ಕಮ್ಮ ಅವರ ಎದುರು, ಯಾರೂ ಕೇಳುವ ಮೊದಲೇ, ನಡೆದದ್ದನ್ನು ಹೇಳಿದಳು: ಮಗು ಬೀಳುತ್ತಿರಲಿಲ್ಲ, ತನ್ನ ಕೋಣೆ ಮೊದಲು ಬರಲಿ ಎಂಬ ಹಟಕ್ಕೆ ಎಳೆದೆ, ಆಮೇಲೆ ಸುಳ್ಳೂ ಹೇಳಿದೆ.

"ದಿನಾ ಬೆಳಗ್ಗಿಂದ ಸಂಜೆ ತನಕ ಸುಳ್ಳು ಟೈಪ್ ಮಾಡ್ತೀನಿ ನಾನು," ಎಂದರು ಆ ತಾಯಿ. "ಹೀಗೆ ಹೇಳೋರು ಕಮ್ಮಿ. ಕೋಪ ಹೋಗಿಲ್ಲ ನಂಗೆ, ಹೋಗೋದೂ ಇಲ್ಲ ಇಷ್ಟು ಬೇಗ. ಆದ್ರೆ ನನ್ನ ಮಗಳು ಮನೇಲಿ ಚಿಕ್ಕಮ್ಮ ಎಲ್ಲಿ ಅಂತ ಕೇಳ್ತಾ ಇದಾಳೆ. ನೀವು ಕಲಿತು ಬನ್ನಿ."

ಅದನ್ನೇ ಸಮಿತಿಯೂ ಹೇಳಿತು. ಅವಳು ಹೊಸಬರ ಜೊತೆ ಕೂತು, ಮಗುವನ್ನು ಹಿಡಿಯುವ ಎತ್ತುವ ತರಬೇತಿಯನ್ನು ಮೊದಲಿನಿಂದ ಮಾಡಬೇಕು. ಅವನ ಪಾಸು ಫೇಲನ್ನು ಅವಳು ಹೇಳುವಂತಿಲ್ಲ, ದೊಡ್ಡಮ್ಮನೇ ಹೇಳಬೇಕು. ದೊಡ್ಡಮ್ಮ ಪಾಸು ಎಂದರು; ಹಾಡುಗಾರಿಕೆಯ ವಿಷಯದಲ್ಲಿ ಕರುಣೆ ತೋರಿಸಿ.

ತರಬೇತಿ ಕೇಂದ್ರದ ಹಜಾರದಲ್ಲಿ ಮರಳು ತುಂಬಿದ ಗೊಂಬೆಗಳಿದ್ದವು, ನಿಜವಾದ ಮಕ್ಕಳ ತೂಕಕ್ಕೆ. ಕಲಿಸುವವರು ನಿವೃತ್ತ ನರ್ಸಮ್ಮ. ಹದಿಹರೆಯ ದಾಟಿದ ಹುಡುಗಿಯರ ನಡುವೆ ಚಿಕ್ಕಮ್ಮ ಗೊಂಬೆ ಎತ್ತಿಕೊಂಡು ನಿಂತಳು. ಅವನೂ ಇದ್ದ, ಪಾಸಾದ ಹೊಸಬರಿಗೂ ತಪ್ಪದ ಕೊನೆಯ ಪಾಠ ಅದೇ ದಿನ.

"ಜೋಡಿ ಆಗಿ," ಎಂದರು ನರ್ಸಮ್ಮ. "ಮಗೂನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡೋದು. ತಗೊಳ್ಳೋರು, ಹಿಡಿದಿದ್ದೀನಿ, ಅನ್ಬೇಕು. ಅದನ್ನ ಕೇಳಿದ ಮೇಲೇ ಕೊಡೋರು ಕೈ ಬಿಡೋದು. ಕೇಳೋ ಮುಂಚೆ ಬಿಟ್ರೆ ಮಗು ನೆಲಕ್ಕೆ."

ಹುಡುಗಿಯರೆಲ್ಲ ಜೋಡಿಯಾದರು. ಉಳಿದವರು ಇಬ್ಬರು.

ಅವನು ಎದುರು ಬಂದು ನಿಂತು ಗೊಂಬೆಯ ಬೆನ್ನಿಗೂ ಕತ್ತಿಗೂ ಕೈ ಕೊಟ್ಟ. ನಡುವೆ ಮರಳಿನ ಮಗು.

"ದೊಡ್ಡಮ್ಮ ಹೇಳಿದ್ರು," ಎಂದಳು ಅವಳು, ಗೊಂಬೆಯ ಬೋಳು ತಲೆ ನೋಡುತ್ತ. "ನೀವು ಬೇರೆ ಕೋಣೆ ಕೇಳಿದ್ರಂತೆ. ದೊಡ್ಡ ಮಕ್ಕಳದ್ದು."

"ಹೌದು."

"ನನ್ನ ಜೊತೆ ಕೆಲಸ ಮಾಡೋಕೆ ಆಗಲ್ಲ ಅಂತಾನಾ?"

"ನಿಯಮ ಇದೆಯಂತೆ. ಒಂದೇ ಮನೆಯವರು ಒಂದೇ ಕೋಣೇಲಿ ಇರೋ ಹಾಗಿಲ್ಲ. ಒಬ್ಬರ ತಪ್ಪು ಒಬ್ಬರು ಮುಚ್ಚಿಡ್ತಾರೆ ಅಂತ."

"ನಾವು ಒಂದೇ ಮನೆಯವರಲ್ಲವಲ್ಲ."

"ಅಲ್ಲ," ಎಂದ ಅವನು. "ಕೇಳ್ಬೇಕು ಅಂತಿದ್ದೆ. ಕೇಳೋಕೆ ಮುಂಚೆ ಕೋಣೆ ಬದಲಾಯಿಸ್ಕೊಂಡೆ. ನೀವು ಬೇಡ ಅಂದ್ರೂ ದೊಡ್ಡ ಮಕ್ಕಳ ಹತ್ರಾನೇ ಇರ್ತೀನಿ, ನಿಮಗೆ ತೊಂದರೆ ಇಲ್ಲ."

ಪಕ್ಕದ ಜೋಡಿಯ ಗೊಂಬೆ ದೊಪ್ಪನೆ ನೆಲಕ್ಕೆ ಬಿತ್ತು. ನರ್ಸಮ್ಮ ಅತ್ತ ಓಡಿದರು.

"ನಾಳೆ ನಾನು ಮತ್ತೆ ತಪ್ಪು ಮಾಡಿದ್ರೆ?" ಎಂದಳು ಅವಳು.

"ಹೇಳ್ತೀನಿ."

"ಮನೇಲೂ?"

"ಮನೇಲಿ ಯಾರಿಗೆ ಹೇಳೋದು? ನಿಮ್ಮ ಅಮ್ಮನಿಗಾ?"

"ಅವಳಿಗೆ ಹೇಳಿದ್ರೆ ಮುಗೀತು. ಲಿಫ್ಟ್ ಸರಿಯಾದ ದಿನದಿಂದ ಅವಳು ನಿನ್ನ ಕಡೆ."

ನಿನ್ನ ಎಂದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಅವನಿಗೆ ಆಗಲೇ ಗೊತ್ತಾಗಿತ್ತು. ಕಿವಿಯೊಂದೇ ಅಲ್ಲ, ಅವನ ಮುಖವೆಲ್ಲ ಅದನ್ನು ಕೇಳಿಸಿಕೊಂಡಿತ್ತು.

"ಹಿಡಿದಿದ್ದೀನಿ," ಎಂದ, ಬಹಳ ಮೆತ್ತಗೆ.

ಅವಳು ಬಿಡಲಿಲ್ಲ. ಗೊಂಬೆಯ ಬೆನ್ನ ಕೆಳಗೆ ಅವನ ಅಂಗೈ, ಅದರ ಕೆಳಗೆ ಅವಳ ಬೆರಳು. ಅವನ ಹಿಡಿತ ಸರಿಯಿದೆಯೇ ಎಂದು ನೋಡಿದಳು. ಕತ್ತಿಗೆ ಆಧಾರವಿದೆಯೇ, ಮೊಣಕೈ ಮೈಗೆ ಅಂಟಿದೆಯೇ, ಕಾಲುಗಳು ಅಗಲವಾಗಿ ನಿಂತಿವೆಯೇ. ಹುಡುಗಿಯರು ಒಬ್ಬೊಬ್ಬರಾಗಿ ಇತ್ತ ತಿರುಗಿ ನೋಡತೊಡಗಿದ್ದರು.

"ಏನಮ್ಮಾ," ಎಂದರು ನರ್ಸಮ್ಮ, ಸೊಂಟದ ಮೇಲೆ ಕೈಯಿಟ್ಟು. "ಅವರು ಹಿಡಿದಾಗಿದೆ. ಇನ್ನೂ ಏನು ನೋಡ್ತಾ ಇದ್ದೀರಿ?"

"ನೋಡ್ತಾ ಇದ್ದೀನಿ," ಎಂದಳು ಚಿಕ್ಕಮ್ಮ, ಅವನ ಮುಖದಿಂದ ಕಣ್ಣು ತೆಗೆಯದೆ. ಆಮೇಲೆ ಕೈ ಬಿಟ್ಟಳು.